ಹಾಜಿ ತೈಫೂರರ ತಂಗಿಯರು

ರಂಜಾನ್ ತಿಂಗಳಲ್ಲಿ ನಮ್ಮೂರಿನ ಮಾನ ಎರಡು ರುಮಾಲುಗಳ ಮೇಲೆ ನಿಂತಿರುತ್ತದೆ. ಹಾಜಿ ತೈಫೂರರ ರುಮಾಲಿಗೆ ಅವರ ತಮ್ಮನ ರುಮಾಲನ್ನು ಗಂಟು ಹಾಕಿದರೆ ಖಾರ್ಟೂಮಿನಿಂದ ಮದನಿಗೆ ಹೋಗುವ ಹೆದ್ದಾರಿಯ ಈ ಅಂಚಿನಿಂದ ಆ ಅಂಚಿಗೆ ಸರಿಯಾಗಿ ಮುಟ್ಟುತ್ತದೆ. ಹೊತ್ತು ಮುಳುಗುವಾಗ ಇಬ್ಬರು ಎರಡು ತುದಿ ಹಿಡಿದು ನಿಂತರೆ ಬಸ್ಸು ನಿಲ್ಲಲೇಬೇಕು, ಒಳಗಿದ್ದವರು ಇಳಿಯಲೇಬೇಕು, ರಸ್ತೆಯ ಪಕ್ಕ ಹಾಸಿದ ಚಾಪೆಗಳ ಮೇಲೆ ಕೂತು ಉಪವಾಸ ಬಿಡಲೇಬೇಕು. ಉಪವಾಸ ಮಾಡದವರೂ ಬಿಡಬೇಕು. ಮದುವೆಗೆ ಹೊರಟಿದ್ದೇನೆ, ಮಣ್ಣಿಗೆ ಹೊರಟಿದ್ದೇನೆ ಎಂಬ ಸಬೂಬು ನಡೆಯುವುದಿಲ್ಲ. ನನಗೆ ನೆನಪಿರುವ ಹಾಗೆ ರುಮಾಲು ದಾಟಿ ಹೋದ ಬಸ್ಸು ಒಂದೇ. ಅದರ ಬ್ರೇಕು ಕೆಟ್ಟಿತ್ತು. ಚಾಲಕ ಮಾರನೆಯ ದಿನ ಬಂದು ಕ್ಷಮೆ ಕೇಳಿ ಉಂಡು ಹೋದ.

ನಮಗಿರುವ ಕೊರಗು ಮೇಲಿನೂರಿನದು. ಅವರು ನಮಗಿಂತ ಎರಡು ಮೈಲಿ ಖಾರ್ಟೂಮಿನ ಕಡೆ ಇದ್ದಾರೆ. ತುಂಬಿದ ಬಸ್ಸುಗಳನ್ನೆಲ್ಲ ಅವರೇ ಹಿಡಿದುಬಿಡುತ್ತಾರೆ. ನಮ್ಮ ಪಾಲಿಗೆ ಉಳಿಯುವುದು ಈರುಳ್ಳಿ ಲಾರಿ.

ಯುದ್ಧ ಶುರುವಾದದ್ದು ಅದೇ ತಿಂಗಳ ಕೊನೆಯ ವಾರದಲ್ಲಿ, ಒಂದು ಶನಿವಾರ ಬೆಳಿಗ್ಗೆ, ರಾಜಧಾನಿಯ ಬೀದಿಗಳ ನಡುವೆಯೇ. ಸರ್ಕಾರಿ ಸೈನ್ಯ ಒಂದು ಕಡೆ, ನಿನ್ನೆಯವರೆಗೆ ಅದರ ಜೊತೆ ಒಂದೇ ತಟ್ಟೆಯಲ್ಲಿ ಉಂಡಿದ್ದ ಅರೆಸೇನೆ ಇನ್ನೊಂದು ಕಡೆ. ನಾವು ರೇಡಿಯೋ ಕೇಳಿದೆವು, ತಲೆ ಅಲ್ಲಾಡಿಸಿದೆವು, ಸಂಜೆ ಚಾಪೆ ಹಾಸಿದೆವು. ಸೋಮವಾರದಿಂದ ಬಸ್ಸುಗಳು ಬರತೊಡಗಿದವು. ಮೇಲಿನೂರಿನವರು ಹಿಡಿದು ಸುಸ್ತಾಗಿ ನಮಗೂ ಬೇಕಾದಷ್ಟು ಬಿಟ್ಟರು. ಹೇಳಲು ನಾಚಿಕೆಯಾಗುತ್ತದೆ, ಆದರೆ ಮೊದಲ ಎರಡು ದಿನ ಊರು ಸಂಭ್ರಮದಲ್ಲಿತ್ತು. ಜನ ಮಾತಿಲ್ಲದೆ ಇಳಿದರು, ತಲೆ ತಗ್ಗಿಸಿ ಉಂಡರು, ಅವರ ಕೈ ನಡುಗುತ್ತಿತ್ತು. ಹಸಿವು ಎಂದುಕೊಂಡೆವು. ಒಬ್ಬ ಎತ್ತರದ ಮನುಷ್ಯ ಎರಡೂ ಕೈ ಮೇಲೆತ್ತಿಕೊಂಡೇ ಇಳಿದ. ಹಾಜಿಯವರು ತುದಿಗಾಲಲ್ಲಿ ನಿಂತು ಆ ಎತ್ತಿದ ಕೈಗೇ ಒಂದು ಖರ್ಜೂರ ಇಟ್ಟರು. ನಾವೆಲ್ಲ ನಕ್ಕೆವು. ಅವನು ನಗಲಿಲ್ಲ. ದೂರದವನು, ನಮ್ಮ ಕಡೆಯ ತಮಾಷೆ ತಿಳಿಯಲಿಲ್ಲವೇನೋ ಎಂದು ಸುಮ್ಮನಾದೆವು.

ಬುಧವಾರದ ಬಸ್ಸು ಓನೂರನದು. ಓನೂರ್ ಪೂರ್ವದ ಬೆಟ್ಟಗಳ ಕಡೆಯವನು, ಹದಿನೈದು ವರ್ಷದಿಂದ ಇದೇ ರಸ್ತೆಯಲ್ಲಿ ಬಸ್ಸು ಓಡಿಸುತ್ತಿದ್ದವನು, ನಮ್ಮ ಚಾಪೆಯ ಮೇಲೆ ಎಷ್ಟೋ ಸಲ ಉಂಡವನು. ಅಂಥವನು ರುಮಾಲು ಕಂಡ ಕೂಡಲೇ ದೀಪ ಆರಿಸಿ, ಬಸ್ಸು ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ತಲೆ ಇಟ್ಟುಬಿಟ್ಟ. ಒಳಗೆ ಒಂದು ಕೆಮ್ಮೂ ಇಲ್ಲ. ಹಾಜಿಯವರು ಕೋಲಿನಿಂದ ಬಸ್ಸಿನ ಪಕ್ಕೆಗೆ ಬಡಿದರು.

"ಇಳೀರಿ! ಎಲ್ಲಾ ಇಳೀರಿ! ಒಬ್ರೂ ಒಳಗೆ ಕೂರೋ ಹಾಗಿಲ್ಲ!"

ಅವರು ವರ್ಷಾವರ್ಷ ಹೇಳುವುದು ಇದೇ ಮಾತು, ಇದೇ ದನಿ. ಆ ಬಸ್ಸಿನವರು ಆವತ್ತೊಂದು ದಿನದಲ್ಲೇ ಆ ಮಾತನ್ನು ಮೂರು ಕಡೆ ಕೇಳಿಕೊಂಡು ಬಂದಿದ್ದರು. ಮೂರು ಕಡೆಯೂ ಹೇಳಿದವರ ಕೈಯಲ್ಲಿ ಬಂದೂಕಿತ್ತು.

ರಸ್ತೆಯ ಬದಿಗೇ ಹರಿಯುವ ಕಾಲುವೆಯ ಕಡೆಯ ಕಿಟಕಿಗಳಿಂದ ಏನೋ ನೀರಿಗೆ ಬಿದ್ದ ಸದ್ದಾಯಿತು. ಕಪ್ಪೆ ಎಂದುಕೊಂಡೆ.

ಮೊದಲು ಇಳಿದವಳು ಒಬ್ಬ ಗಟ್ಟಿಮುಟ್ಟಾದ ಹೆಂಗಸು, ಐವತ್ತೈದರ ಆಸುಪಾಸು. ಚಾಪೆ ನೋಡಿದಳು. ಜೋಳದ ಮುದ್ದೆಯ ತಟ್ಟೆಗಳನ್ನು ನೋಡಿದಳು. ಪಾನಕದ ಹೂಜಿ ಹಿಡಿದು ನಿಂತಿದ್ದ ಹಾಜಿಯವರ ತಮ್ಮನನ್ನು ನೋಡಿದಳು.

"ಊಟಕ್ಕಾ?" ಎಂದಳು.

"ಹೂಂ ತಾಯಿ. ಕೂತ್ಕೊಳ್ಳಿ, ಬಾಂಗ್ ಆಗೋಯ್ತು."

"ಊಟಕ್ಕಾ ನಿಲ್ಲಿಸಿದ್ದು?"

"ಇನ್ಯಾತಕ್ಕೆ ನಿಲ್ಲಿಸ್ತಾರೆ?"

ಅವಳು ಕುಸಿದು ಕೂತಳು. ನಗತೊಡಗಿದಳು. ನಗು ನಿಲ್ಲಲಿಲ್ಲ. ಹಿಂದೆಯೇ ಇಳಿದು ಬಂದ ಗಂಡನ ಬೆನ್ನಿಗೆ ಅಂಗೈಯಿಂದ ಒಂದು ಕೊಟ್ಟಳು. "ಊಟಕ್ಕಂತೆ! ಕೇಳಿಸ್ತಾ? ಊಟಕ್ಕಂತೆ! ಹೋಗು, ಈಗ ಕಾಲುವೇಲಿ ಮುಳುಗಿ ಹುಡುಕು ಹೋಗು!"

ಗಂಡ ಮುಳುಗಲಿಲ್ಲ, ಉಣ್ಣಲೂ ಇಲ್ಲ. ನೀರನ್ನೇ ನೋಡುತ್ತ ನಿಂತ. ಅವನ ಹೆಸರು ಹಾರೂನ್ ಅಬ್ಬಕರ್, ಅವಳ ಹೆಸರು ಕಲ್ತೂಮ. ಅವನು ಹುಟ್ಟಿದ್ದು ದೂರದ ಪಶ್ಚಿಮದಲ್ಲಿ, ನ್ಯಾಲಾದಲ್ಲಿ. ಮೂವತ್ತೊಂದು ವರ್ಷ ಖಾರ್ಟೂಮಿನಲ್ಲಿ ಸೈನ್ಯದ ಬ್ಯಾಂಡಿನಲ್ಲಿ ದೊಡ್ಡ ಡೋಲು ಬಾರಿಸಿ ನಿವೃತ್ತನಾದವನು. ಬಂದೂಕು ಮುಟ್ಟಿದ್ದು ಸೇರಿದ ವರ್ಷ, ಒಂದು ವಾರ. ಬೇರೆ ಕಾಗದಪತ್ರಗಳೆಲ್ಲ ಮನೆಯ ಜೊತೆ ಸುಟ್ಟುಹೋಗಿ, ಉಳಿದದ್ದು ಮಾಜಿ ಸೈನಿಕನ ಕಾರ್ಡು ಒಂದೇ.

"ಚಪ್ಪಲಿ ಅಟ್ಟೆ ಒಳಗೆ ಇಟ್ಟಿದ್ದೆ," ಎಂದ. "ಅದು ಅರೆಸೇನೆಯೋರ ಕೈಗೆ ಸಿಕ್ಕಿದ್ರೆ ಅಲ್ಲೇ ಗೋಡೆಗೆ ನಿಲ್ಲಿಸ್ತಿದ್ರು. ಮೂರು ಕಡೆ ತಪಾಸಣೆ ಆಯ್ತು, ಉಳೀತು. ಇನ್ನು ಅದೃಷ್ಟ ಸಾಕು ಅಂತ ನಾಲ್ಕನೇದು ಕಂಡ ತಕ್ಷಣ ಎಸೆದುಬಿಟ್ಟೆ."

ನಾಲ್ಕನೆಯದು ನಾವು.

ಇಷ್ಟಾದರೂ ಹಾಜಿಯವರಿಗೆ ಸಂಗತಿಯ ಗಾತ್ರ ಗೊತ್ತಾಗಲಿಲ್ಲ. "ಹೋದ್ರೆ ಹೋಯ್ತು. ಇನ್ನು ಮುಂದೆ ಇರೋರು ಸರ್ಕಾರಿ ಸೈನ್ಯದೋರು, ನಿಮ್ಮೋರೇ," ಎಂದರು.

ಓನೂರ್ ಮುದ್ದೆ ನುಂಗಿ ಹೇಳಿದ: "ಅದೇ ಹಾಜಿ ಕಷ್ಟ. ಮದನಿ ಸೇತುವೆ ಹತ್ರ ಸೈನ್ಯದೋರು ಬಸ್ಸು ತಡೀತಾರೆ. ಅರೆಸೇನೇಲಿ ಇರೋರು ಮುಕ್ಕಾಲು ಪಾಲು ಪಶ್ಚಿಮದೋರು. ಈ ಮುಖ, ಈ ಮಾತು ಇಟ್ಕೊಂಡು ಕಾರ್ಡಿಲ್ದೆ ಹೋದ್ರೆ, ಇವನು ಅವರ ಬೇಹುಗಾರ ಅಂತಾರೆ. ನಿನ್ನೆ ಒಂದು ಬಸ್ಸಿಂದ ಇಬ್ಬರನ್ನ ಇಳಿಸ್ಕೊಂಡ್ರು. ನಾನೇ ನೋಡ್ದೆ. ಕಾರ್ಡಿದ್ದಿದ್ರೆ ಸಲಾಂ ಹೊಡೆದು ಬಿಡ್ತಿದ್ರು."

ಹಾರೂನ್ ತಲೆಯಾಡಿಸಿದ. ಖಾರ್ಟೂಮಿನ ಕಡೆ ಅವನನ್ನು ಕೊಲ್ಲುತ್ತಿದ್ದ ಕಾಗದ ಮದನಿಯ ಕಡೆ ಉಳಿಸುತ್ತಿತ್ತು. ಎರಡೂ ಕಡೆಯ ನಡುವೆ ರುಮಾಲು ಹಿಡಿದು ನಿಂತಿದ್ದವರು ನಾವು.

ಬಸ್ಸು ಅವರನ್ನು ಬಿಟ್ಟು ಹೊರಡಲು ನಿಂತಿತು. ಕಲ್ತೂಮ ಹೋಗಬಹುದಿತ್ತು, ಮದನಿಯ ಬಸ್ ನಿಲ್ದಾಣದಲ್ಲಿ ಅವರ ಮಗಳು ಎರಡು ಮಕ್ಕಳನ್ನು ಕಟ್ಟಿಕೊಂಡು ಕಾಯುತ್ತಿದ್ದಳು, ನೀವು ಬರದೆ ನಾನು ಮುಂದೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಳು, ಫೋನು ಸತ್ತು ಮೂರು ದಿನವಾಗಿತ್ತು. ಓನೂರ್ ಕರೆದ. "ಮೂವತ್ತು ವರ್ಷ ಇವನ ಡೋಲು ಸಹಿಸಿದೀನಿ," ಎಂದಳು ಕಲ್ತೂಮ. "ಈಗ ಸದ್ದಿಲ್ಲದೆ ಕೂತಿದಾನೆ. ಈಗ ಬಿಟ್ಟು ಹೋಗ್ಲಾ?"

"ಇಲ್ಲೇ ಇರಿ," ಎಂದರು ಹಾಜಿ. "ಎಷ್ಟು ದಿನ ಬೇಕಾದ್ರೂ. ಗಲಾಟೆ ಮುಗೀಲಿ."

"ಅವರು ಈ ರಸ್ತೆಗೂ ಬರ್ತಾರೆ ಹಾಜಿ," ಎಂದ ಹಾರೂನ್.

"ಇಲ್ಲಿಗಾ? ಇಲ್ಲೇನಿದೆ, ಹತ್ತಿಕಡ್ಡಿ."

"ನಮ್ಮ ಬೀದೀಲಿ ಏನಿತ್ತು?"

ಹಾಜಿಯವರು ಚಾಪೆ ಸುತ್ತತೊಡಗಿದರು. ಅತಿಥಿಗೆ ಎದುರು ಮಾತಾಡುವ ಪದ್ಧತಿ ಇಲ್ಲ, ಅದರಲ್ಲೂ ಅತಿಥಿ ಸರಿ ಹೇಳಿದಾಗ.

ಗುರುವಾರ ಬೆಳಿಗ್ಗೆ ಕಾಲುವೆ ಬತ್ತಿಸಿ ಕಾರ್ಡು ಹುಡುಕುವುದೆಂದು ತೀರ್ಮಾನವಾಯಿತು. ಅದಕ್ಕೆ ನಾನು ಬೇಕಾದೆ. ನಾನು ಕಾಲುವೆ ಇಲಾಖೆಯಲ್ಲಿ ನೀರಿನ ಮಟ್ಟ ಬರೆದುಕೊಳ್ಳುತ್ತಿದ್ದ ಗುಮಾಸ್ತ. ನಿವೃತ್ತನಾಗಿ ನಾಲ್ಕು ವರ್ಷ. ನಮ್ಮ ನೀರುಗಂಟಿ ಬುಶಾರಾ ತೂಬಿನ ಚಕ್ರದ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಿದ್ದ.

"ಬರವಣಿಗೆಯಲ್ಲಿ ಆದೇಶ ಬೇಕು ಉಸ್ತಾದ್."

"ಬುಶಾರಾ, ರಾಜಧಾನಿ ಉರೀತಾ ಇದೆ. ಆದೇಶ ಕೊಡೋ ಕಚೇರೀನೇ ಇಲ್ಲ."

"ಕಚೇರಿ ಇಲ್ದೇ ಇದ್ರೂ ಪರವಾಗಿಲ್ಲ. ಕಾಗದ ಬೇಕು."

ಮನೆಗೆ ಹೋಗಿ, ಟ್ರಂಕಿನ ತಳದಲ್ಲಿದ್ದ ಇಲಾಖೆಯ ಹಳೆಯ ಹಾಳೆ ತಂದು, ಇಲ್ಲದ ಅಧಿಕಾರಿಯ ಪರವಾಗಿ ಕೆಲಸದಲ್ಲಿಲ್ಲದ ಗುಮಾಸ್ತ ನಾನು ಸಹಿ ಹಾಕಿದೆ. ಬುಶಾರಾ ಅದನ್ನು ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟು ಚಕ್ರ ತಿರುಗಿಸಿದ. ಒಂದು ಗಂಟೆಯಲ್ಲಿ ನೀರು ಮೊಣಕಾಲಿಗಿಳಿಯಿತು, ಇನ್ನೊಂದು ಗಂಟೆಯಲ್ಲಿ ಕೆಸರು ಕಂಡಿತು. ಗಂಡಸರೆಲ್ಲ ಕಾಲು ಮುಚ್ಚುವ ಜಲಾಬಿಯಾ ಅಂಗಿಯನ್ನು ಸೊಂಟಕ್ಕೆ ಸಿಕ್ಕಿಸಿ ಇಳಿದೆವು.

ಮೊದಲು ಸಿಕ್ಕಿದ್ದು ಒಬ್ಬ ವೈದ್ಯನ ಗುರುತಿನ ಚೀಟಿ, ಕೊರಳಿಗೆ ಹಾಕಿಕೊಳ್ಳುವ ದಾರದ ಸಮೇತ. ಆಮೇಲೆ ಒಂದು ಪೊಲೀಸ್ ಬೆಲ್ಟು. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮದುವೆಯ ಫೋಟೋ, ಮದುಮಗ ಸಮವಸ್ತ್ರದಲ್ಲಿದ್ದ. ಎರಡು ಫೋನು. ಬ್ಯಾಂಕಿನ ನೌಕರನ ಚೀಟಿ. ಪತ್ರಕರ್ತೆಯದು. ಶಾಲಾ ಮಾಸ್ತರಿಕೆಯ ನೇಮಕಾತಿ ಪತ್ರ. ಮಾಸ್ತರನೊಬ್ಬ ಇದನ್ನು ಯಾಕೆ ಎಸೆದನೋ, ಭಯ ಒಮ್ಮೆ ಹಿಡಿದರೆ ಯಾವ ಕಾಗದ ಯಾರಿಗೆ ವಿಷ ಎಂದು ಯೋಚಿಸುವ ವ್ಯವಧಾನ ಇರುವುದಿಲ್ಲ. ದಡದ ಮೇಲೆ ಸಾಲಾಗಿ ಇಟ್ಟೆವು. ಹದಿನೇಳಾದವು. ಸೋಮವಾರದ ಬಸ್ಸಿನವು, ಮಂಗಳವಾರದವು, ಬುಧವಾರದವು.

ಹಾಜಿಯವರ ಹೆಂಡತಿ ಬತೂಲ್ ದಡದ ಮೇಲೆ ನಿಂತು ಎಲ್ಲವನ್ನೂ ನೋಡಿದಳು. ಆಕೆಯ ನಾಲಿಗೆಗೆ ಊರೇ ಹೆದರುತ್ತದೆ; ಹಾಜಿಯವರು ಮಾತ್ರ ಹೆದರುವುದನ್ನು ಬಿಟ್ಟು ಅಭ್ಯಾಸ ಮಾಡಿಕೊಂಡಿದ್ದಾರೆ.

"ಮೂರು ಸಂಜೆ," ಎಂದಳು. "ಮೂರು ಸಂಜೆ ಜನರ ಜೀವ ಬಾಯಿಗೆ ತಂದು, ಆಮೇಲೆ ಅದೇ ಬಾಯಿಗೆ ಖರ್ಜೂರ ಹಾಕಿದೀರಿ."

ಹಾಜಿಯವರು ಕೆಸರಿನಲ್ಲೇ ಕೂತರು.

ಹಾರೂನನ ಕಾರ್ಡು ಕೊನೆಗೆ ಸಿಕ್ಕಿತು, ಬುಶಾರಾನ ಕಾಲಿಗೆ. ಹಳೆಯ ಕಾಲದ ರಟ್ಟಿನ ಕಾರ್ಡು. ಅಂಗೈಯಲ್ಲಿ ಮುದ್ದೆಯಾಗಿ ಕೂತಿತು. ಹೆಸರು ಹೋಗಿತ್ತು, ಸಂಖ್ಯೆ ಹೋಗಿತ್ತು, ಫೋಟೋದಲ್ಲಿ ಮುಖ ಕರಗಿ ಕೋಟಿನ ನಾಲ್ಕು ಗುಂಡಿ ಮಾತ್ರ ಉಳಿದಿದ್ದವು.

"ಗುಂಡಿ ನಂದೇ," ಎಂದ ಹಾರೂನ್.

ಮಧ್ಯಾಹ್ನ ಹಾಜಿಯವರ ಹಜಾರದಲ್ಲಿ ಸಭೆ ಸೇರಿತು. ಹಾರೂನನಿಗೆ ನಮ್ಮೂರಿನ ಜಲಾಬಿಯಾ ತೊಡಿಸಿ ಕೂರಿಸಿದರು. ಉಡುಪು ಒಪ್ಪುತ್ತಿತ್ತು. "ಬಾಯಿ ಬಿಟ್ರೆ ನ್ಯಾಲಾ ಕಾಣುತ್ತೆ," ಎಂದ ಹಾಜಿಯವರ ತಮ್ಮ. "ಮೂಗ ಅಂತ ಹೇಳಿದ್ರೆ ಹೇಗೆ?"

"ಮೂಗನಾ? ಇವನಾ?" ಎಂದಳು ಕಲ್ತೂಮ ಒಳಗಿನಿಂದ. "ಮನೆ ಮುಂದೆ ಗುಂಡು ಹಾರ್ತಿದ್ರೆ ಮಂಚದ ಕೆಳಗೆ ಮಲಗ್ಕೊಂಡು, ತಾಳ ತಪ್ಪಿದ್ರು, ತಾಳ ತಪ್ಪಿದ್ರು ಅಂತ ಬೈತಿದ್ದೋನು ಇವನು."

"ತಪ್ಪಿದ್ದು ನಿಜ," ಎಂದ ಹಾರೂನ್.

ಹಾಜಿಯವರು ಎದ್ದು, "ನಾನೇ ಜೊತೆಗೆ ಹೋಗ್ತೀನಿ. ಇವನು ನನ್ನ ಅತಿಥಿ ಅಂತ ಹೇಳ್ತೀನಿ. ಅದು ನಿಜ. ಸೇತುವೆ ಹತ್ರದ ಹುಡುಗರಿಗೂ ನನ್ನ ಹೆಸರು ಗೊತ್ತಿರುತ್ತೆ," ಎಂದರು.

ಅವರ ಹೆಸರಿಗೆ ಬೆಲೆ ಇದ್ದದ್ದು ಸುಳ್ಳಲ್ಲ. ಹಾಜಿ ತೈಫೂರ್ ಜೀವಮಾನದಲ್ಲಿ ಆಣೆ ಇಟ್ಟವರಲ್ಲ. ನೀರಿನ ಸರದಿಯ ಜಗಳಗಳಲ್ಲಿ, ಬದುವಿನ ವ್ಯಾಜ್ಯಗಳಲ್ಲಿ ನ್ಯಾಯಾಧೀಶರು ಉಳಿದವರ ಕೈಗೆಲ್ಲ ಕುರಾನ್ ಕೊಟ್ಟು, ಇವರ ಬಾಯಿಮಾತನ್ನಷ್ಟೇ ಬರೆದುಕೊಳ್ಳುತ್ತಿದ್ದರು. ನಿಜ ಹೇಳುವುದಕ್ಕೂ ದೇವರನ್ನು ಎಬ್ಬಿಸಬೇಕೆ ಎಂಬುದು ಇವರ ವಾದ.

"ನಿಜಕ್ಕೆ ಅಲ್ಲಿ ಎಷ್ಟು ಬೆಲೆ ಅಂತ ನೋಡೋಣ. ನಾನೂ ಬರ್ತೀನಿ," ಎಂದಳು ಬತೂಲ್.

ಪಿಕಪ್ ಗಾಡಿಯ ಮುಂದೆ ಹಾಜಿ, ಬತೂಲ್ ಮತ್ತು ಗಾಡಿ ಓಡಿಸುವ ತಮ್ಮ. ಹಿಂದೆ ಹಾರೂನ್, ಕಲ್ತೂಮ, ನಾನು ಮತ್ತು ಒಂದು ಬುಟ್ಟಿ ಖರ್ಜೂರ. ಕಾಲುವೆಯಲ್ಲಿ ಸಿಕ್ಕ ಆ ಹದಿನೇಳನ್ನೂ ಬಟ್ಟೆಯಲ್ಲಿ ಕಟ್ಟಿ ಮದನಿಯ ಬಸ್ ನಿಲ್ದಾಣದಲ್ಲಿ ಯಾರಾದರೂ ಕೇಳಿಕೊಂಡು ಬಂದಾರು ಎಂದು ನಾನು ಇಟ್ಟುಕೊಂಡಿದ್ದೆ.

ಸೇತುವೆಯ ಬಳಿ ಮರಳಿನ ಮೂಟೆಗಳು, ಐದಾರು ಸೈನಿಕರು, ಒಬ್ಬ ಹವಾಲ್ದಾರ. ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸು. ಉಪವಾಸ ಮತ್ತು ನಿದ್ದೆಗೇಡಿನಿಂದ ತುಟಿ ಬೆಳ್ಳಗಾಗಿತ್ತು. ಗೋಡೆಯ ನೆರಳಿನಲ್ಲಿ ಇಬ್ಬರು ಗಂಡಸರು ಕುಕ್ಕರಗಾಲಿನಲ್ಲಿ ಕೂತಿದ್ದರು, ಕೈ ಹಿಂದಕ್ಕೆ ಕಟ್ಟಿತ್ತು. ಒಬ್ಬ ಉದ್ದ, ಒಬ್ಬ ಗಿಡ್ಡ. ಇಬ್ಬರೂ ಪಶ್ಚಿಮದವರೆಂದು ನೋಡಿದರೇ ಗೊತ್ತಾಗುತ್ತಿತ್ತು. ಓನೂರ್ ಹೇಳಿದ ಇಬ್ಬರು ಇವರೇ ಇರಬೇಕು.

"ಇವರ ಕಾಗದ?" ಎಂದ ಹವಾಲ್ದಾರ, ಹಾರೂನನನ್ನು ನೋಡಿ.

"ಇವರು ನನ್ನ ಅತಿಥಿ," ಎಂದರು ಹಾಜಿ.

"ಕಾಗದ ಕೇಳಿದೆ ಚಿಕ್ಕಪ್ಪ."

"ಕಾಗದ ನಮ್ಮಿಂದ್ಲೇ ಕಳೆದೋಯ್ತು. ನಾನು ಹಾಜಿ ತೈಫೂರ್."

"ಇರಬಹುದು. ನಾನು ಉತ್ತರದೋನು, ನಂಗೆ ಇಲ್ಲಿ ಯಾರೂ ಗೊತ್ತಿಲ್ಲ. ಈ ಅತಿಥಿ ನಿಮಗೆ ಎಷ್ಟು ದಿನದಿಂದ ಗೊತ್ತು?"

ಹಾಜಿಯವರು ಬಾಯಿ ತೆರೆದರು. ನಿಜ ಅವರ ನಾಲಿಗೆಯ ತುದಿಯಲ್ಲೇ ಇತ್ತು: ನಿನ್ನೆ ಸಂಜೆಯಿಂದ. ಅದನ್ನು ಹೇಳಿದರೆ ಗೋಡೆಯ ನೆರಳಿಗೆ ಮೂರನೆಯವನು ಸೇರುತ್ತಾನೆ. ಹಿಂದೆ ಕಲ್ತೂಮ ನನ್ನ ಮಣಿಕಟ್ಟು ಹಿಡಿದಳು. ಗಂಡನದೆಂದುಕೊಂಡು ಹಿಡಿದಳೋ ಏನೋ, ಬಳೆ ಒತ್ತಿದ ಗುರುತು ಎರಡು ದಿನ ಇತ್ತು. ಹಾಜಿಯವರು ಗೋಡೆಯ ಕಡೆ ನೋಡಿದರು. ಗಿಡ್ಡ ಮನುಷ್ಯ ತಲೆಯೆತ್ತಿ ಇವರನ್ನೇ ನೋಡುತ್ತಿದ್ದ.

"ಮೂವತ್ತು ವರ್ಷದಿಂದ," ಎಂದರು ಹಾಜಿ. "ನನ್ನ ತಂಗಿ ಗಂಡ."

ಹಾಜಿಯವರ ತಾಯಿ ಹೆತ್ತದ್ದು ಐದು ಗಂಡು. ಒಂದು ಹೆಣ್ಣಿಲ್ಲವಲ್ಲ ಎಂದು ಕೊರಗಿಯೇ ಸತ್ತಳು.

ಆದರೆ ಬತೂಲ್ ಆಗಲೇ ಗಾಡಿಯಿಂದ ಇಳಿದಿದ್ದಳು. "ಮೂವತ್ತಲ್ಲ, ಮೂವತ್ತೆರಡು. ಮದುವೇಲಿ ಅಡುಗೆ ಮಾಡಿದ್ದು ನಾನು! ನ್ಯಾಲಾದೋನಿಗೆ ಹೆಣ್ಣು ಕೊಡಬೇಡಿ, ದೂರ ಆಗುತ್ತೆ ಅಂತ ನಾನು ಬಡ್ಕೊಂಡೆ, ಯಾರು ಕೇಳಿದ್ರು? ಒಂದು ಹಬ್ಬಕ್ಕೆ ಇವಳನ್ನ ತವರಿಗೆ ಕಳಿಸಿದಾನಾ ಕೇಳು. ಡೋಲು ಬಾರಿಸಬೇಕು, ಮೆರವಣಿಗೆ ಇದೆ ಅಂತಾನೆ. ಈಗ ಮನೆ ಸುಟ್ಟ ಮೇಲೆ ನಮ್ಮ ನೆನಪಾಗಿದೆ!"

"ಅತ್ತಿಗೆ, ರಸ್ತೇಲಿ ಬೇಡ," ಎಂದಳು ಕಲ್ತೂಮ, ತಲೆಯ ಮೇಲೆ ತೋಬಿನ ಸೆರಗು ಎಳೆದುಕೊಂಡು.

"ರಸ್ತೇಲೇ ಹೇಳ್ತೀನಿ!"

ಹವಾಲ್ದಾರ ಇಬ್ಬರನ್ನೂ ನೋಡಿದ. ಒಳಗೆ ಹೋಗಿ ಕುರಾನ್ ತಂದು ಮೂಟೆಯ ಮೇಲಿಟ್ಟ. "ಹಾಜಿ, ನಿಮ್ಮ ವಯಸ್ಸಿಗೆ ಗೌರವ ಇದೆ. ಆದ್ರೆ ನಂಗೆ ಮೇಲಿನೋರು ಕೇಳ್ತಾರೆ. ಇದರ ಮೇಲೆ ಕೈ ಇಟ್ಟು ಹೇ‍ಳಿ."

ಹಾಜಿಯವರು ರುಮಾಲು ಸರಿಮಾಡಿಕೊಂಡರು. ಕೈ ಇಟ್ಟರು. ಹೇಳಬೇಕಾದ್ದನ್ನು ತಡವರಿಸದೆ ಹೇಳಿದರು.

ಸೇತುವೆ ದಾಟಿದ ಮೇಲೆ ಗಾಡಿ ನಿಲ್ಲಿಸಿ ಹಾಜಿಯವರು ಹಿಂದೆ ಬಂದು ನಮ್ಮ ಜೊತೆ ಕೂತರು. ಹಾರೂನನ ಕಣ್ಣು ತುಂಬಿತ್ತು. "ಹಾಜಿ, ನನ್ನಿಂದ ನಿಮಗೆ…"

"ಸುಮ್ನಿರು ಭಾವ," ಎಂದರು ಹಾಜಿ.

ಗೊತ್ತಿದ್ದೂ ಇಟ್ಟ ಸುಳ್ಳಾಣೆಗೆ ಪ್ರಾಯಶ್ಚಿತ್ತವೇ ಇಲ್ಲ ಎನ್ನುತ್ತವೆ ನಮ್ಮ ಕಡೆಯವರು ನಂಬುವ ಗ್ರಂಥಗಳು. ನಾನೂ ಓದಿದ್ದೇನೆ, ಅವರೂ ಓದಿದ್ದಾರೆ. ಜೀವ ಉಳಿಸುವುದಕ್ಕೆ ಹೇಳಿದರೆ ಬೇರೆ ಮಾತು ಎಂದೂ ಇದೆ. "ಇಮಾಮರನ್ನ ಒಂದು ಮಾತು ಕೇಳಬಹುದು," ಎಂದೆ.

"ಕೇಳಿದ್ರೆ ಪರವಾಗಿಲ್ಲ ಅಂತಾರೆ ಉಸ್ತಾದ್. ಆಮೇಲೆ ನಂಗೆ ಭಯಾನೂ ಹೋಗ್ಬಿಡುತ್ತೆ. ಸ್ವಲ್ಪ ಇರ್ಲಿ."

ಮದನಿಯ ನಿಲ್ದಾಣ ಜಾತ್ರೆಗಿಂತ ಹೆಚ್ಚಾಗಿತ್ತು. ಮಗಳು ಸಿಕ್ಕಳು. ತಂದೆತಾಯಿಯನ್ನು ತಬ್ಬಿಕೊಂಡು ಅತ್ತು, ಕಣ್ಣೊರೆಸಿಕೊಂಡ ಕೂಡಲೇ ಎಲ್ಲಿ ಹಾಳಾಗಿ ಹೋಗಿದ್ದಿರಿ ಎಂದು ಬೈಯತೊಡಗಿದಳು. ಊಟಕ್ಕೆ ನಿಂತಿದ್ವಿ ಎಂದ ಹಾರೂನ್. ಅವಳು ಇನ್ನಷ್ಟು ಬೈದಳು. ನಾನು ಟಿಕೆಟ್ ಕಿಟಕಿಯ ಪಕ್ಕದ ಚಹಾದವಳ ಬಳಿ ಆ ಗಂಟನ್ನು ಕೊಟ್ಟೆ. ಊರಿನ ಸುದ್ದಿಯೆಲ್ಲ ಅವಳ ಬೆಂಚಿನ ಮೇಲೇ ಹಾದುಹೋಗುತ್ತದೆ. ಪೂರ್ವಕ್ಕೆ ಹೋಗುವ ಬಸ್ಸಿನ ಮೆಟ್ಟಿಲು ಹತ್ತುವಾಗ ಕಲ್ತೂಮ ತಿರುಗಿ, "ಅತ್ತಿಗೆ, ಜಗಳ ಬಾಕಿ ಇದೆ," ಎಂದಳು. ಬತೂಲ್ ಕೈಯಾಡಿಸಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಆಡಿಸಿದಳು.

ನಮ್ಮ ಪಾಲಿನ ಕೆಲಸ ಅಲ್ಲಿಗೆ ಮುಗಿದಿತ್ತು. ಹಾಗೆಂದು ನಾನು ಅಂದುಕೊಂಡೆ.

ವಾಪಸು ಸೇತುವೆ ಮುಟ್ಟುವಾಗ ಸೂರ್ಯ ಹತ್ತಿಹೊಲಗಳ ಮೇಲೆ ಕೂತಿದ್ದ. ಬಾಂಗ್ ಕೇಳಿತು. ಬತೂಲ್ ಯಾರನ್ನೂ ಕೇಳದೆ ಖರ್ಜೂರದ ಬುಟ್ಟಿ ಎತ್ತಿಕೊಂಡು ಇಳಿದಳು. ಸೈನಿಕರಿಗೆ ಮೂರು ಮೂರು ಕೊಟ್ಟಳು, ಹವಾಲ್ದಾರನಿಗೆ ನಾಲ್ಕು. ಆಮೇಲೆ ನೀರಿನ ಚೆಂಬು ಹಿಡಿದು ಗೋಡೆಯ ಕಡೆ ನಡೆದಳು. ಬಾಯಲ್ಲಿ ಖರ್ಜೂರ ಇದ್ದ ಹವಾಲ್ದಾರ ತಡೆಯಲಿಲ್ಲ. ಆ ಹೊತ್ತಿನಲ್ಲಿ ಉಪವಾಸಿಗೆ ನೀರು ಬೇಡ ಎನ್ನುವ ಮನುಷ್ಯ ನಮ್ಮ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ಕೈ ಕಟ್ಟಿದ್ದರಿಂದ ಆಕೆಯೇ ಇಬ್ಬರ ಬಾಯಿಗೂ ಇಟ್ಟಳು, ಬಗ್ಗಿ ನಿಧಾನವಾಗಿ ನೀರು ಕುಡಿಸಿದಳು. ಕುಡಿಸುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಆಕೆಯ ತುಟಿ ಅಲ್ಲಾಡುತ್ತಿತ್ತು.

ಹಾಜಿಯವರು ಹವಾಲ್ದಾರನ ಪಕ್ಕ ನಿಂತರು. "ಆ ಇಬ್ಬರು ಯಾರು ಮಗನೇ?"

"ಗೊತ್ತಿಲ್ಲ. ಕಾಗದ ಇಲ್ಲ. ಒಬ್ಬ ಗಾರೆ ಕೆಲಸ ಅಂತಾನೆ, ಇನ್ನೊಬ್ಬ ಕಟುಕ ಅಂತಾನೆ. ಅವರ ಪರವಾಗಿ ಹೇಳೋಕೆ ಯಾರೂ ಬಂದಿಲ್ಲ. ನಾಳೆ ಮೇಲಿನೋರು ಬಂದು ಕರ್ಕೊಂಡು ಹೋಗ್ತಾರೆ."

"ಎಲ್ಲಿಗೆ?"

ಹವಾಲ್ದಾರ ಖರ್ಜೂರದ ಬೀಜ ಉಗುಳಿದ.

"ಅವರೂ ನಮ್ಮೋರೇ," ಎಂದರು ಹಾಜಿ.

ಹವಾಲ್ದಾರ ಅವರ ಕಡೆ ತಿರುಗಿದ. "ಹಾಜಿ, ನಿಮಗೆ ಒಟ್ಟು ಎಷ್ಟು ಜನ ತಂಗಿಯರು?"

"ಮೂರು."

"ಮಧ್ಯಾಹ್ನ ಹೇಳ್ಲಿಲ್ಲ."

"ಮಧ್ಯಾಹ್ನ ನೀನು ಒಬ್ಬಳ ಗಂಡನನ್ನ ಮಾತ್ರ ಕೇಳಿದೆ."

ಸೈನಿಕನೊಬ್ಬ ಕಿಸಕ್ಕೆಂದ. ಹವಾಲ್ದಾರ ನಗಲಿಲ್ಲ. "ಆಣೆ ಒಂದು ದಿನಕ್ಕೆ ಒಂದೇ ಸಾಕು ಹಾಜಿ, ನಿಮಗೂ ನಂಗೂ. ನಾಳೆ ಬೆಳಿಗ್ಗೆ ಆ ತಂಗಿಯರೇ ಬರ್ಲಿ. ಬಂದು ಗುರುತು ಹೇಳ್ಲಿ. ಹತ್ತೂವರೆ ಒಳಗೆ."

"ಬರ್ತಾರಪ್ಪ," ಎಂದಳು ಬತೂಲ್, ಖಾಲಿ ಚೆಂಬು ಹಿಡಿದು ಬರುತ್ತ. "ಹಬ್ಬದ ದಿನ ಗಂಡಂದಿರನ್ನ ಇಲ್ಲಿ ಬಿಟ್ಟು ಇನ್ನೆಲ್ಲಿಗೆ ಹೋಗ್ತಾರೆ?"

ಗಾಡಿಯಲ್ಲಿ ಆಕೆ ಬೆರಳು ಮಡಿಸುತ್ತ ಹೇಳಿಕೊಳ್ಳುತ್ತಿದ್ದಳು: ಉದ್ದದವನು ಯಾಕೂಬ್, ಗಾರೆ ಕೆಲಸ, ಎಡಗಾಲಿಗೆ ಮಚ್ಚೆ, ಗಿಡ್ಡದವನು ಸಿನೀನ್, ಕಟುಕ, ಮೂರು ಮಕ್ಕಳು. ಅವರಿಗೂ ಹೆಂಡತಿಯರ ಹೆಸರು ಕೊಟ್ಟು ಬಂದಿದ್ದಾಳಂತೆ. ಯಾರ ಹೆಸರು ಎಂದೆವು. ನಮ್ಮೂರಿನ ಇಬ್ಬರು ವಿಧವೆಯರ ಹೆಸರು ಹೇಳಿದಳು. ಅವರನ್ನು ಕೇಳಿದೀಯಾ ಎಂದರು ಹಾಜಿ. ಈಗ ಹೋಗಿ ಕೇಳ್ತೀನಿ ಎಂದಳು.

ಮಾರನೆಯ ದಿನ ಹಬ್ಬ. ನಮಾಜು ಮುಗಿದ ಕೂಡಲೇ ಪಿಕಪ್ಪಿನ ಹಿಂದೆ ಆ ಇಬ್ಬರು ವಿಧವೆಯರು, ಬಖೀತಾ ಮತ್ತು ಸಿತ್ತನಾ, ಹೊಸ ತೋಬ್ ಉಟ್ಟು, ಕೈಗೆ ಗೋರಂಟಿ ಹಾಕಿಕೊಂಡು ಕೂತಿದ್ದರು, ಇಬ್ಬರ ತೊಡೆಯ ಮೇಲೂ ಒಂದೊಂದು ಹಬ್ಬದ ಬಿಸ್ಕತ್ತಿನ ತಟ್ಟೆ.

"ನಂಗೆ ಆ ಉದ್ದದೋನನ್ನ ಕೊಡು ಅಕ್ಕ," ಎನ್ನುತ್ತಿದ್ದಳು ಸಿತ್ತನಾ. "ನಾನೇ ಉದ್ದ ಇದೀನಿ. ಗಿಡ್ಡನ ಪಕ್ಕ ನಿಂತ್ರೆ ಯಾರು ನಂಬ್ತಾರೆ?"

"ಉದ್ದದೋನು ಬಖೀತಾಗೆ ಅಂತ ಹೇಳಿಯಾಗಿದೆ. ಈಗ ಬದಲಾಯ್ಸಿದ್ರೆ ಅವರಿಗೆ ಗೊಂದಲ ಆಗುತ್ತೆ," ಎಂದಳು ಬತೂಲ್.

"ನನ್ನ ಮೊದಲ್ನೇ ಗಂಡಾನೂ ಗಿಡ್ಡನೇ. ನನ್ನ ಹಣೇಲಿ ಅಷ್ಟೇ ಬರ್ದಿರೋದು."

ಸೇತುವೆ ಹತ್ತಿರವಾಯಿತು. ಬಖೀತಾಳ ತಟ್ಟೆಯಲ್ಲಿ ಬಿಸ್ಕತ್ತುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ಯಾಕೂಬನ ಕೆಲಸ ಸಲೀಸಾಗಿ ಆಯಿತು. ಬಖೀತಾ ಅವನನ್ನು ನೋಡಿದವಳೇ ಅಳತೊಡಗಿದಳು. ನಟನೆಯೋ, ಅವನ ಮುಖದ ಮೇಲಿನ ಗಾಯ ಕಂಡು ನಿಜಕ್ಕೂ ಅತ್ತಳೋ, ನಾನು ಕೇಳಿಲ್ಲ. ಎಡಗಾಲಿನ ಮಚ್ಚೆಯನ್ನೂ ಹೇಳಿದಳು. ಆಮೇಲೆ ಹವಾಲ್ದಾರ ಸಿನೀನನ ಮುಂದೆ ನಿಂತ.

"ಇವಳು ಯಾರು?"

"ನನ್ನ ಹೆಂಡ್ತಿ," ಎಂದ ಸಿನೀನ್.

"ಹೆಸರು?"

ಸಿನೀನ್ ಬಾಯಿ ತೆರೆದ. ಮೂರು ದಿನದ ಭಯ, ಒಂದು ಖರ್ಜೂರ, ಒಂದು ಪಿಸುಮಾತು. ಹೆಸರು ಹೋಗಿತ್ತು. ಬತೂಲ್ ಕಣ್ಣು ಮುಚ್ಚಿಕೊಂಡಳು.

ಸಿತ್ತನಾ ತಟ್ಟೆಯನ್ನು ಹಾಜಿಯವರ ಕೈಗೆ ತುರುಕಿ ಮುಂದೆ ನುಗ್ಗಿದಳು. "ಮರೆತ್ಯಾ? ನನ್ನ ಹೆಸರು ಮರೆತ್ಯಾ? ಮೂರು ಹೆತ್ತುಕೊಟ್ಟೋಳ ಹೆಸರು ಮರೆತು, ಇಲ್ಲಿ ಕಲ್ಲು ಕಂಬದ ಹಾಗೆ ಕೂತಿದೀಯಾ? ನಮ್ಮಣ್ಣ ಹಬ್ಬದ ದಿನ ಊಟ ಬಿಟ್ಟು ನಿನಗೋಸ್ಕರ ಬಂದಿದಾನೆ, ನೋಡು! ಹೋದ ಹಬ್ಬಕ್ಕೂ ಹೀಗೇ, ತೋಬ್ ತರ್ತೀನಿ ಅಂದು ಮರೆತೆ!" ಸಿನೀನನ ತಲೆ ಒಂದೊಂದು ಮಾತಿಗೂ ಒಂದೊಂದು ಅಂಗುಲ ಕೆಳಗಿಳಿಯುತ್ತಿತ್ತು.

"ತಪ್ಪಾಯ್ತು," ಎಂದ ಅವನು, ಮಣ್ಣು ನೋಡುತ್ತ. "ತಪ್ಪಾಯ್ತು ಮಾರಾಯ್ತಿ."

ಮೂಟೆಗಳ ಹಿಂದೆ ಸೈನಿಕರು ನಗುತ್ತಿದ್ದರು. ಹವಾಲ್ದಾರ ಅವರ ಕಡೆ ತಿರುಗಿ, "ಇವನು ಗಂಡನೇ. ಬಿಚ್ರೋ," ಎಂದ.

ಹಗ್ಗ ಬಿಚ್ಚುವಾಗ ಹಾಜಿಯವರು ತಟ್ಟೆಯನ್ನು ನನಗೆ ಕೊಟ್ಟು, ತೋಳು ಮಡಿಸಿಕೊಂಡು, ಮೂಟೆಯ ಬಳಿ ಹೋಗಿ ಬಲಗೈ ಮುಂದೆ ಮಾಡಿ ನಿಂತರು. ಮುಖ ಬೂದಿಯಾಗಿತ್ತು. ಹವಾಲ್ದಾರ ಒಳಗಿನಿಂದ ಕುರಾನ್ ತರಲಿಲ್ಲ. ತಟ್ಟೆಯಿಂದ ಒಂದು ಬಿಸ್ಕತ್ತು ತೆಗೆದುಕೊಂಡ.

"ಬೇಡ ಹಾಜಿ. ಕರ್ಕೊಂಡು ಹೊರಡಿ, ಬೇಗ. ಹನ್ನೊಂದಕ್ಕೆ ನನ್ನ ಪಾಳಿ ಮುಗಿಯುತ್ತೆ. ಆಮೇಲೆ ಬರೋನು ಮದನಿಯೋನೇ. ಅವನಿಗೆ ನಿಮ್ಮ ಮನೆತನ ಗೊತ್ತಿರುತ್ತೆ."